ಬಚ್ಚಲ ಬಾಗಿಲ ಕಾಲೊರಸು

ಕಾಲೊರಸನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅವಳು ಕಣ್ಣು ಮುಚ್ಚಿದಳು. ಚಿಂದಿ ಬಟ್ಟೆ ಹೆಣೆದು ಮಾಡಿದ್ದ ದಪ್ಪನೆಯ ಕಾಲೊರಸು, ಒಂದು ಅಂಚು ಒದ್ದೆಯಾಗಿ ಭಾರವಾಗಿತ್ತು. ವಾರದಲ್ಲಿ ಇದು ನಾಲ್ಕನೆಯ ಸಲ. ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲೆಂದು ಬಚ್ಚಲ ಕಡೆ ಹೋದರೆ ಪಾದಕ್ಕೆ ತಣ್ಣಗೆ ತಗಲುತ್ತಿತ್ತು.

ವಾಸನೆ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಹಾಸಿಗೆ ವಸ್ತ್ರ ವಿಂಗಡಿಸುತ್ತಿದ್ದಳು. ಯಾವ ಕಲೆ ಯಾವುದರದ್ದು, ಯಾವುದು ತಣ್ಣೀರಿಗೆ ಹೋಗಬೇಕು, ಯಾವುದು ಕುದಿಯುವ ನೀರಿಗೆ ಎನ್ನುವುದು ಯಂತ್ರಕ್ಕೆ ತುಂಬುವ ಮೊದಲೇ ತೀರ್ಮಾನವಾಗಬೇಕು. ಒಮ್ಮೆ ಒಂದು ಹೊದಿಕೆ ಎತ್ತಿ ಮೂಸಿ, ಇದು ರೋಗಿ ಚೆಲ್ಲಿದ ಗಂಜಿಯಲ್ಲ, ನೋಡಲು ಬಂದವರು ಕದ್ದು ತಿನ್ನಿಸಿದ ಎಣ್ಣೆ ಪದಾರ್ಥ ಎಂದಿದ್ದಳು. ವಿಚಾರಿಸಿದರೆ ನಿಜವೇ ಆಗಿತ್ತು. ಅಂದಿನಿಂದ ಜೊತೆಯವರು ಅವಳನ್ನು ಮೂಗಕ್ಕ ಎಂದೇ ಕರೆಯುತ್ತಿದ್ದರು.

ಆ ಮೂಗು ಈಗ ತಬ್ಬಿಬ್ಬಾಗಿತ್ತು. ಬೆಕ್ಕಿನ ಉಚ್ಚೆಯಾದರೆ ಮೂಗಿನ ಹೊಳ್ಳೆಗೆ ಸೂಜಿ ಚುಚ್ಚಿದಂತೆ ಆಗಬೇಕು. ಇದು ಹಾಗಿರಲಿಲ್ಲ. ಮಂಕಾಗಿ, ಹಳಸಿದ ಹಾಗೆ, ಎಲ್ಲೋ ಕಂಡ ಮುಖದ ಹಾಗಿತ್ತು. ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಕ್ಕುಗಳು ತಿನ್ನುವುದು ಬದಲಾಗಿದೆ, ವಾಸನೆಯೂ ಬದಲಾಗಿರಬೇಕು. ಹೊಟ್ಟೆಗೆ ಹೋದದ್ದೇ ತಾನೆ ಹೊರಗೆ ಬರುವುದು.

ತಿನ್ನುವುದು ಬದಲಾಗಿದ್ದಂತೂ ಹೌದು. ಮನೆಯಲ್ಲಿ ಎರಡು ಬೆಕ್ಕು, ಬೂದಿ ಮತ್ತು ಮಸಿ. ಮೂರನೆಯ ಮಹಡಿಯ ಮನೆ, ಹೊರಗೆ ಬಿಡುವಂತಿರಲಿಲ್ಲ. ಹಿತ್ತಿಲು ಕಾಣದ ಜೀವಗಳಿಗೆ ಅಡುಗೆಮನೆಯ ಮೂಲೆಯಲ್ಲಿದ್ದ ಮರಳಿನ ಟ್ರೇಯೇ ಹಿತ್ತಿಲು. ಮೂರು ವರ್ಷ ಮೀನಿನ ತಲೆ ಬೇಯಿಸಿ ಅನ್ನದಲ್ಲಿ ಕಲಸಿ ಹಾಕಿದ್ದಾಯಿತು. ಮೀನಿನವಳು ಬೇರೆ ಕಡೆ ಹೋಗಿ ಕೂತ ಮೇಲೆ ತಲೆ ಸಿಗುವುದು ನಿಂತು, ಅಂಗಡಿಯಿಂದ ಬೆಕ್ಕಿಗೆಂದೇ ಮಾರುವ ಒಣ ಕಾಳಿನ ಚೀಲ ಬಂತು. ಬುಧವಾರ ಮೀನು, ಗುರುವಾರ ಕಾಳು. ಭಾನುವಾರದ ಹೊತ್ತಿಗೆ ಮಸಿ ಟ್ರೇ ಬಿಟ್ಟು ಗಂಡನ ಕೆಲಸದ ಬೂಟಿನೊಳಗೆ ಕೂತು ಮುಗಿಸಿತ್ತು. ಹುಣಸೆ ಬೀಜದಂಥ ನಾಲ್ಕು ಗಟ್ಟಿ ಉಂಡೆ.

ಅವನು ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು ಅವನು. ಬೆಕ್ಕುಗಳನ್ನು ತಂದವನೂ ಅವನೇ. ಬಾಯ್ಲರಿನ ಹಿಂದೆ ತಾಯಿಯಿಲ್ಲದೆ ಒರಲುತ್ತಿದ್ದ ಮರಿಗಳನ್ನು ಕೋಟಿನ ಎರಡು ಜೇಬಿನಲ್ಲಿ ಒಂದೊಂದಾಗಿ ಇಟ್ಟುಕೊಂಡು ಬಂದು, ಬಾಗಿಲಲ್ಲೇ ನಿಂತು, ಯಾವ ಜೇಬು ಮೊದಲು ನೋಡ್ತೀಯ ಎಂದು ಕೇಳಿದ್ದ. ಬೇಡ ಎಂದವಳು ಅವಳು. ಈಗ ಬೂದಿ ಅವಳ ಕಾಲ ಮೇಲೆ ಮಲಗದಿದ್ದರೆ ಅವಳಿಗೇ ನಿದ್ದೆ ಹತ್ತುತ್ತಿರಲಿಲ್ಲ.

ಅಂಥವನು ಕಾಲೊರಸು ಒದ್ದೆಯಾಗಲು ಶುರುವಾದ ಮೇಲೆ ಬೇರೆಯೇ ಮನುಷ್ಯನಾದ. ಬೀದಿಯ ಕೊನೆಯ ಬೀಜದ ಗೋದಾಮಿಗೆ ಹೋಗಿ ಮಾತಾಡಿಕೊಂಡೇ ಬಂದ. ಅಲ್ಲಿ ಇಲಿ ವಿಪರೀತವಂತೆ, ಮುಂದಿನ ವಾರದ ಭಾನುವಾರ ಬೆಳಿಗ್ಗೆ ಗೋದಾಮಿನವನು ಬಂದು ಎರಡು ಬೆಕ್ಕನ್ನೂ ಒಯ್ಯುತ್ತಾನಂತೆ.

"ಬೂಟಿನೊಳಗೆ ಹಾಕಿದಾಗ ನಕ್ಕಿದ್ರಿ. ಈಗ ಯಾಕೆ ಇಷ್ಟು ಸಿಟ್ಟು?" ಎಂದು ಅವಳು ಕೇಳಿದಳು.

"ಬೂಟು ನಂದು, ನಕ್ಕೆ. ಮನೆ ಇಬ್ಬರದ್ದು," ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಬೈದಾಡುವ ಗಂಡನಾಗಿದ್ದರೆ ಸರಿ ಅನ್ನಬಹುದಿತ್ತು. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ತಟ್ಟೆಯನ್ನೂ ಜೋರಾಗಿ ಇಟ್ಟವನಲ್ಲ.

ಮರುದಿನವೇ ಒಂದು ಗಂಟೆ ಮೊದಲು ಕೆಲಸ ಬಿಟ್ಟು ಮಸಿಯನ್ನು ಪಶುವೈದ್ಯರ ಬಳಿ ಒಯ್ದಳು. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ ವೈದ್ಯರು ಎಲ್ಲ ಕೇಳಿ ನಿಟ್ಟುಸಿರಿಟ್ಟರು. ಮೀನಿನ ಜೊತೆ ನೀರೂ ಹೊಟ್ಟೆಗೆ ಹೋಗುತ್ತಿತ್ತು, ಕಾಳಿನಲ್ಲಿ ನೀರೆಲ್ಲಿದೆ, ಒಂದೇ ದಿನಕ್ಕೆ ಹೀಗೆ ಬದಲಿಸಿದರೆ ಮಲ ಕಲ್ಲಾಗದೆ ಏನಾಗುತ್ತದೆ ಎಂದರು. ಟ್ರೇಯಲ್ಲಿ ಕೂತಾಗ ನೋವಾಗಿದೆ, ಅದು ಟ್ರೇಯದೇ ತಪ್ಪು ಅಂದುಕೊಂಡು ಬೇರೆ ಮೆತ್ತನೆಯ ಜಾಗ ಹುಡುಕುತ್ತಿದೆ. ಹಳೆಯ ಊಟಕ್ಕೆ ಹೊಸದನ್ನು ಚೂರುಚೂರೇ ಬೆರೆಸಿ ಹತ್ತು ದಿನ ಎಳೆಯಬೇಕು, ಕಾಳನ್ನು ನೆನೆಸಬೇಕು, ಇನ್ನೊಂದು ಟ್ರೇ ಇಡಬೇಕು, ಬರುವ ಶುಕ್ರವಾರ ಎರಡನ್ನೂ ತಂದು ತೋರಿಸಬೇಕು.

"ಬೆಕ್ಕಿಗೆ ಹಠ ಇರಲ್ಲಮ್ಮ," ಎಂದರು ಅವರು. "ನೋವಿರುತ್ತೆ. ಹೇಳೋಕೆ ಬರಲ್ಲ, ಅಷ್ಟೆ."

ಅವಳು ಅಕ್ಷರ ತಪ್ಪದೆ ಹಾಗೇ ಮಾಡಿದಳು. ಎರಡು ನಿಲ್ದಾಣ ಆಚೆ ಹೋಗಿ ಮೀನಿನವಳನ್ನು ಹುಡುಕಿ ಹಿಡಿದಳು. ನಾಲ್ಕನೆಯ ದಿನ ಮಸಿ ಹೊಸ ಟ್ರೇಗೆ ಇಳಿದು, ಮರಳು ಕೆದಕಿ, ಸುತ್ತು ಹಾಕಿ ಕೂತಿತು. ಇವಳು ಸೌಟು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಸಿ ಎದ್ದು ಮರಳು ಮುಚ್ಚಿ ಹೋದಾಗ ಒಲೆಯ ಮೇಲಿನದು ಸೀದುಹೋಗಿತ್ತು.

ಆದರೂ ಕಾಲೊರಸು ಒದ್ದೆಯಾಗುವುದು ನಿಲ್ಲಲಿಲ್ಲ.

ಇಲ್ಲೇ ಅವಳ ತಲೆ ಕೆಟ್ಟುಹೋಯಿತು. ಎರಡೂ ಟ್ರೇ ಬಗೆದು ನೋಡಿದಳು. ಎರಡು ಬೆಕ್ಕು ದಿನಕ್ಕೆ ಎಷ್ಟು ಮಾಡಬೇಕೋ ಅಷ್ಟು ಅಲ್ಲೇ ಗಂಟುಗಂಟಾಗಿ ಇತ್ತು. ಬೆಕ್ಕಿನ ಬಟ್ಟಲಲ್ಲಿ ಖಾಲಿಯಾದ ನೀರಿಗೂ ಹೊರಗೆ ಹರಿದದ್ದಕ್ಕೂ ತಾಳೆಯೇ ಆಗುತ್ತಿರಲಿಲ್ಲ. ನಲ್ಲಿಯ ಪೈಪು ಎಲ್ಲಾದರೂ ಸೋರುತ್ತಿದೆಯೇ ಎಂದು ಗಂಡನನ್ನು ಕೇಳಿದಳು. ಅವನು ಹೌದು, ಹಾಗೇ ಇರಬೇಕು ಎಂದು ಲಗುಬಗೆಯಿಂದ ಎದ್ದು, ಸ್ಪ್ಯಾನರ್ ತಂದು, ಸೋರದ ಪೈಪಿನ ಗಂಟನ್ನು ಬಿಗಿ ಮಾಡಿದ. ಮರುದಿನ ಕೇಳಿದರೆ ಪೈಪಲ್ಲ, ಬೆಕ್ಕೇ ಎಂದ. ಜಾಗ ಒಂದೇ, ಹೊತ್ತೂ ಒಂದೇ: ಅವನು ಎರಡು ಗಂಟೆಗೆ ಪಾಳಿ ಮುಗಿಸಿ ಬಂದು ಮಲಗಿದ ಮೇಲೆ, ಅವಳು ನಾಲ್ಕೂವರೆಗೆ ಬರುವುದರ ಒಳಗೆ. ಅವನು ಮಲಗುವುದನ್ನೇ ಈ ಬೆಕ್ಕುಗಳು ಯಾಕೆ ಕಾಯುತ್ತವೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಭಾನುವಾರ ಹೋಗುವ ಬೆಕ್ಕಿಗೆ ವೈದ್ಯರೇಕೆ ಅನ್ನುತ್ತಿದ್ದ. ಅವನು ಬರುವ ಮೊದಲೇ, ಒಂದು ಗಂಟೆಗೆ, ಎರಡನ್ನೂ ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟಳು. ಅಲ್ಲಿ ಸಾಲು ಉದ್ದವಿತ್ತು. ವೈದ್ಯರು ಒಂದೊಂದರ ಹೊಟ್ಟೆ ಒತ್ತಿ ನೋಡಿ, ಎರಡೂ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿವೆ ಎಂದರು. ಇನ್ನೂ ಒದ್ದೆಯಾಗುತ್ತಿದೆ ಎಂದು ಅವಳು ಹೇಳಿದ್ದಕ್ಕೆ ತಲೆಯಾಡಿಸಿದರು.

"ಹಾಗಿದ್ರೆ ಇವಲ್ಲ. ನಾನು ಬೆಕ್ಕಿನ ಡಾಕ್ಟ್ರು ಕಣಮ್ಮ, ನಲ್ಲಿ ರಿಪೇರಿಯವನಲ್ಲ."

ಆ ಮಾತನ್ನು ಅವಳು ಸೆರಗಲ್ಲಿ ಗಂಟು ಹಾಕಿಕೊಂಡವಳ ಹಾಗೆ ಜೋಪಾನವಾಗಿ ತಂದಳು. ವೈದ್ಯರೇ ಹೇಳಿದ ಮೇಲೆ ಗಂಡ ಇನ್ನೇನು ಅಂದಾನು. ಮೂರು ಮಹಡಿ ಹತ್ತುವಷ್ಟರಲ್ಲಿ ತೋಳು ಸೋತು, ಬುಟ್ಟಿಯನ್ನು ಕೊನೆಯ ಮೆಟ್ಟಿಲ ಮೇಲಿಟ್ಟು ಬಾಗಿಲು ತೆರೆದಳು.

ಅವನು ಬಚ್ಚಲ ಮುಂದೆ ನಿಂತಿದ್ದ. ಕೂದಲು ಕೆದರಿತ್ತು, ಕಣ್ಣಲ್ಲಿ ಇನ್ನೂ ನಿದ್ದೆಯಿತ್ತು, ತೊಟ್ಟಿದ್ದ ಪೈಜಾಮ ಆಗ ತಾನೇ ಕಪಾಟಿನಿಂದ ತೆಗೆದದ್ದು, ಮಡಿಕೆಯ ಗೆರೆ ಹಾಗೇ ಇತ್ತು. ಕಾಲೊರಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ.

"ನೋಡು ನಿನ್ನ ಬೂದಿ ಮಾಡಿದ ಕೆಲಸ," ಎಂದ. "ಈಗ ತಾನೇ. ನನ್ನ ಕಣ್ಣೆದುರಿಗೇ ಕೂತು ಮಾಡ್ತು. ಗದರಿಸಿದೆ, ನನ್ನನ್ನೇ ನೋಡಿ ಮಂಚದ ಕೆಳಗೆ ಹೋಯ್ತು."

ಒಂದು ಗಳಿಗೆ ಅವಳು ಅವನನ್ನು ನಂಬಿಯೇ ಬಿಟ್ಟಳು. ಬೂದಿಯನ್ನು ಬುಟ್ಟಿಗೆ ಹಾಕಿದ್ದು ಹೌದೋ ಅಲ್ಲವೋ ಎಂದು ಮನಸ್ಸಿನಲ್ಲೇ ಎಣಿಸಿದಳು. ಒಂದು ಬೂದು, ಒಂದು ಕಪ್ಪು. ಮತ್ತೆ ಎಣಿಸಿದಳು. ಮಂಚದ ಕೆಳಗೆ ಬಗ್ಗಿ ನೋಡಬೇಕೆಂದು ಹೆಜ್ಜೆಯನ್ನೂ ಎತ್ತಿದಳು. ಅಷ್ಟರಲ್ಲಿ ಅವಳ ಬೆನ್ನ ಹಿಂದೆ, ಮೆಟ್ಟಿಲ ಮೇಲೆ, ಬುಟ್ಟಿಯೊಳಗಿಂದ ಬೂದಿ ಎಳೆದು ಕೂಗಿತು. ಅದರ ಹಿಂದೆಯೇ ಮಸಿಯೂ ಕೂಗಿತು.

ಅವನ ಕೈ ಹಾಗೇ ನಿಂತಿತು. ಕಾಲೊರಸಿನ ಅಂಚಿನಿಂದ ಒಂದು ಹನಿ ನೆಲಕ್ಕೆ ಬಿತ್ತು.

ಅವಳಿಗೆ ಸಿಟ್ಟು ಬಂದಂತೆಯೂ ಆಯಿತು, ಎಲ್ಲಿಂದಲೋ ನಗು ಬಂದಂತೆಯೂ ಆಯಿತು. ಈ ವಾಸನೆಯನ್ನು ದಿನಕ್ಕೆ ನೂರು ಹಾಸಿಗೆ ವಸ್ತ್ರದಲ್ಲಿ ಮೂಸುವವಳು ತಾನು. ಗಂಡಸರ ವಾರ್ಡಿನ ಬಟ್ಟೆ ಗಂಟುಗಳಲ್ಲಿ ಬರುವುದು ಇದೇ ತಾನೆ. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದದ್ದು ಮನೆಯಲ್ಲಿ ಯಾಕೆ ಬಾಯಿಗೆ ಬರಲಿಲ್ಲ?

"ಒಂದು ಗಂಟೆಗೇ ಹೋಗಿದ್ದೆ," ಎಂದಳು. "ಡಾಕ್ಟ್ರ ಹತ್ರ ಸಾಲಿತ್ತು."

ಅವನು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತ. ಕಾಲೊರಸು ಅವನ ಕೈಯಲ್ಲೇ ಇತ್ತು, ಹೊಸ ಪೈಜಾಮವೂ ಒದ್ದೆಯಾಗುತ್ತಿತ್ತು.

"ಮೊದಲ ಸಲ ನಿಜವಾಗ್ಲೂ ಬೆಕ್ಕೇ ಅಂದ್ಕೊಂಡೆ," ಎಂದ ಅವನು ನೆಲ ನೋಡುತ್ತ. "ಎದ್ದದ್ದು ಗೊತ್ತು, ನಡೆದದ್ದು ಗೊತ್ತು. ಬಾಗಿಲಿಗೆ ಕೈ ಇಡೋಷ್ಟರಲ್ಲಿ ಕಾಲಡಿ ಒದ್ದೆ. ಯಾರು ಮಾಡಿದ್ದು ಅಂತ ನನಗೇ ತಿಳೀಲಿಲ್ಲ. ಆಮೇಲೆ ತಿಳೀತು. ಅಷ್ಟರಲ್ಲಿ ನಿನ್ನ ಹತ್ರ ಬೆಕ್ಕು ಅಂದುಬಿಟ್ಟಿದ್ದೆ."

"ಭಾನುವಾರ ಅವು ಹೋಗಿದ್ರೆ? ಸೋಮವಾರ ಏನು ಮಾಡ್ತಿದ್ರಿ?"

ಅವನು ಯೋಚಿಸಿದ. ಬಾಯ್ಲರಿನ ಒತ್ತಡದ ಮುಳ್ಳು ಯಾಕೆ ಏರಿತು ಎಂದು ಮೇಲಿನವರು ಕೇಳಿದಾಗ ಯೋಚಿಸುವವನ ಹಾಗೆ.

"ಅದು ತಲೆಗೇ ಬರಲಿಲ್ಲ ಕಣೆ," ಎಂದ.

ಅವಳು ಅವನ ಕೈಯಿಂದ ಕಾಲೊರಸು ಬಿಡಿಸಿಕೊಂಡು ಬಕೆಟ್ಟಿಗೆ ಹಾಕಿದಳು. ಸೋಮವಾರ ಆಸ್ಪತ್ರೆಯಲ್ಲಿ ಮೂತ್ರದ ತೊಂದರೆಗೆಂದೇ ಇರುವ ಡಾಕ್ಟರು ಕೂರುತ್ತಾರೆಂದೂ, ಬೆಳಿಗ್ಗೆ ಬೇಗ ಹೋದರೆ ಚೀಟಿ ಸಿಗುತ್ತದೆಂದೂ ನಲ್ಲಿ ತಿರುಗಿಸುತ್ತಲೇ ಹೇಳಿದಳು. ಅವನು ಎದ್ದು ಹೋಗಿ ಮೆಟ್ಟಿಲ ಮೇಲಿನ ಬುಟ್ಟಿ ತಂದು, ಮುಚ್ಚಳ ತೆಗೆದು, ಅವು ಹೊರಗೆ ಬರುವವರೆಗೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಬಟ್ಟೆ ಬದಲಿಸಿ, ಗೋದಾಮಿನವನಿಗೆ ಬೇಡವೆಂದು ಹೇಳಿ ಬರುತ್ತೇನೆ ಎಂದು ಕೆಳಗಿಳಿದ.

ಅವಳು ಕಿಟಕಿಗೆ ಬಂದು ನಿಂತಳು. ಗೋದಾಮು ಅಲ್ಲಿಂದಲೇ ಕಾಣುತ್ತಿತ್ತು, ಹೆಚ್ಚೆಂದರೆ ಇನ್ನೂರು ಹೆಜ್ಜೆ. ಅವನು ಸೈಕಲ್ ಅಂಗಡಿ ದಾಟಿದ, ಚಹಾದ ಅಂಗಡಿಯವರೆಗೆ ಹೋಗಿ ನಿಂತ. ಒಳಗಿದ್ದವನಿಗೆ ಏನೋ ಹೇಳಿ ಅಂಗಡಿಯ ಹಿಂದಿನ ಮೋರಿ ಕಡೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಬಂದ. ಯಾರೋ ಕೈ ಎತ್ತಿದರು, ಅವನೂ ಎತ್ತಿದ. ಮತ್ತೆ ನಡೆದ. ಗೋದಾಮಿಗೆ ಇನ್ನು ಹತ್ತು ಹೆಜ್ಜೆ ಇದೆ ಅನ್ನುವಾಗ ಮತ್ತೆ ನಿಂತು, ಅತ್ತ ಇತ್ತ ನೋಡಿ, ಲಾರಿಗಳ ನಡುವಿನ ಸಂದಿಗೆ ತಿರುಗಿದ. ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿರುವ ಸದ್ದು ಕೇಳುತ್ತಿತ್ತು. ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಅವನು ಲಾರಿಗಳ ಆಚೆಯಿಂದ ಹೊರಗೆ ಬರುವುದನ್ನೇ ನೋಡುತ್ತ ನಿಂತಿದ್ದಳು.