ಆಚೆ ಮನೆಯ ಮುಚ್ಚಳ

ಬ್ಯಾಂಕಿನಿಂದ ಮನೆಪತ್ರ ವಾಪಸು ಬಂದ ದಿನವೇ ಬಚ್ಚಲಲ್ಲಿ ನೀರು ಮೇಲೆ ಬಂತು.

ರೇವಣಸಿದ್ದಯ್ಯ ಪತ್ರಗಳನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದು ದೇವರ ಕೋಣೆಯಲ್ಲಿಟ್ಟ. ವಿಭೂತಿ ಹಚ್ಚಿ ಕೈಮುಗಿದು, "ಸಾಲ ಮುಗೀತು ಕಣೇ ಮಹಾನಂದಾ. ಇನ್ಮೇಲೆ ಈ ಮನೆ ನಮ್ದು. ಇದಕ್ಕಂತ ಯಾರಿಗೂ ಒಂದು ಪೈಸ ಕೊಡೋಹಾಗಿಲ್ಲ" ಎಂದ. ಆ ಮಾತು ಮುಗಿಯುವಷ್ಟರಲ್ಲಿ ಬಚ್ಚಲಿನ ಕಡೆಯಿಂದ ಯಾರೋ ಬಾಯಿ ಮುಕ್ಕಳಿಸಿದಂತೆ ಗುಳುಗುಳು ಸದ್ದು ಬಂತು. ಮಹಾನಂದ ಆ ಸದ್ದನ್ನು ಬಲ್ಲಳು. ಗಂಡನ ಮುಖವನ್ನು ಅವಳು ನೋಡಲಿಲ್ಲ. ಎದ್ದು ಹೋಗಿ ಬಚ್ಚಲ ತೂತಿಗೆ ಗೋಣಿಚೀಲ ತುರುಕಿ ಮೇಲೊಂದು ಕಲ್ಲು ಹೇರಿದಳು.

ಚಾಮರಾಜಪೇಟೆಯ ಆ ಬೀದಿಯ ಮನೆಗಳ ಬೆನ್ನಿಗೆ ಒಂದು ಕಾಲದಲ್ಲಿ ಗಲ್ಲಿಯಿತ್ತು. ಮಲ ಹೊರುವವರು ಬಂದುಹೋಗಲೆಂದು ಬಿಟ್ಟ ದಾರಿ. ಅವರು ಮುಂಬಾಗಿಲಲ್ಲಿ ಕಾಣಬಾರದೆಂದು ಬಡಾವಣೆ ಕಟ್ಟಿದವರು ಬಹಳ ಯೋಚಿಸಿ ಬಿಟ್ಟದ್ದು. ಆಮೇಲೆ ಒಳಚರಂಡಿ ಬಂತು, ಕೊಳವೆಗಳು ಅದೇ ಗಲ್ಲಿಯಡಿ ಹಾದುಹೋದವು. ಹೊರುವವರೇ ಬರುವುದಿಲ್ಲವೆಂದ ಮೇಲೆ ಗಲ್ಲಿ ಯಾಕೆ? ಎರಡೂ ಬದಿಯ ಮನೆಯವರು ಒಬ್ಬರ ಮುಖ ಒಬ್ಬರು ನೋಡಿ ಅದನ್ನು ಸೀಳಿ ಹಂಚಿಕೊಂಡರು. ಗೇಣು ಜಾಗಕ್ಕೆ ಕೋರ್ಟು ಹತ್ತುವ ಜನ ಈ ಒಂದು ಕಳ್ಳತನದಲ್ಲಿ ಮಾತ್ರ ಒಡಹುಟ್ಟಿದವರಂತೆ ನಡೆದುಕೊಂಡರು.

ರೇವಣಸಿದ್ದಯ್ಯನಿಗೆ ಸಿಕ್ಕ ತುಂಡಿನಲ್ಲಿ ಒಳಚರಂಡಿಯ ಚೇಂಬರ್, ಆಳು ಇಳಿದು ಬಾಚುವ ಗುಂಡಿ, ಇತ್ತು. ಅಲ್ಲಿ ಮಲಗುವ ಕೋಣೆ ಕಟ್ಟಿದರೆ ನಾಳೆ ಯಾವನಾದರೂ ಇಂಜಿನಿಯರು ಬಂದು ಒಡೆಸಿಯಾನು. ಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇಟ್ಟು ಕರ್ಪೂರ, ಊದುಬತ್ತಿ, ಸಾಂಬ್ರಾಣಿ ಮಾರುವ ಅವನಿಗೆ ಉಪಾಯ ಹೊಳೆಯಲು ತಡವಾಗಲಿಲ್ಲ. "ದೇವರ ಕೋಣೆ ಕಟ್ಟೋಣ. ದೇವರ ಮೇಲೆ ಯಾವನು ಹಾರೆ ಎತ್ತುತಾನೆ?" ಮಠದ ಸ್ವಾಮಿಗಳನ್ನು ಕರೆಸಿ ಅಲ್ಲೇ ಪಾದಪೂಜೆ ಮಾಡಿಸಿದ. ಸ್ವಾಮಿಗಳ ಪಾದದ ಕೆಳಗೆ ಮಣೆ, ಮಣೆಯ ಕೆಳಗೆ ಎತ್ತಲು ಕಬ್ಬಿಣದ ಬಳೆಯಿರುವ ಕಲ್ಲುಚಪ್ಪಡಿ, ಚಪ್ಪಡಿಯ ಕೆಳಗೆ ಇಡೀ ಬೀದಿಯ ಹೊಟ್ಟೆ.

ಸಾಲಕ್ಕೆ ಕಂತೆಂಬುದೊಂದಿತ್ತು, ಕಂತಿಗೆ ಕೊನೆಯಿತ್ತು. ಈ ಕೋಣೆ ಕೇಳುವುದಕ್ಕೆ ಕೊನೆಯಿರಲಿಲ್ಲ. ಪ್ರತಿ ಮಳೆಗಾಲ ಚರಂಡಿ ಕಟ್ಟಿಕೊಳ್ಳುತ್ತಿತ್ತು. ಗೋಡೆ ಅರ್ಧ ಆಳೆತ್ತರಕ್ಕೆ ತೇವ ಹೀರಿ, ಬಳಿದ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಅಂಗಡಿಯ ಸಾಂಬ್ರಾಣಿ ಗಿರಾಕಿಗಳಿಗಿಂತ ಹೆಚ್ಚು ಮನೆಯಲ್ಲೇ ಉರಿಯುತ್ತಿತ್ತು. ದೇವರನ್ನು ಹಜಾರಕ್ಕೆ ಸಾಗಿಸಬೇಕು, ಮಣೆ ಎತ್ತಬೇಕು, ಬಿನ್ನಿಪೇಟೆಯಿಂದ ಮರಿಯಣ್ಣನನ್ನು ಕರೆಸಬೇಕು. ಅವನು ಪಕ್ಕದ ಓಣಿಯಿಂದ ಒಳಗೆ ಬಂದು, ಇಳಿದು, ಬಾಚಿ, ಹತ್ತಿ, ಹೋದ ಮೇಲೆ ಮಹಾನಂದ ಕೋಣೆಯನ್ನು ತೊಳೆಯಬೇಕು, ವಿಭೂತಿ ನೀರು ಚಿಮುಕಿಸಬೇಕು, ದೇವರನ್ನು ಮತ್ತೆ ಕೂರಿಸಬೇಕು. ಸೋಮವಾರ ಸಂಜೆ ಅದೇ ಕೋಣೆಯೆದುರು ನೆಂಟರಿಷ್ಟರು ಕೂತು, ದುಡಿಮೆಯಲ್ಲಿ ಮೇಲು ಕೀಳಿಲ್ಲವೆಂದು ವಚನ ಹಾಡುತ್ತಿದ್ದರು. ರೇವಣಸಿದ್ದಯ್ಯನ ಕಂಠ ಚೆನ್ನಾಗಿತ್ತು.

ಹೋದ ವರ್ಷ ಒಂದು ಸಂಗತಿ ನಡೆದಿತ್ತು. ಇಳಿದ ಮರಿಯಣ್ಣನ ಸದ್ದು ಅರ್ಧಕ್ಕೇ ನಿಂತಿತು. ಜೊತೆಗೆ ಬಂದವನು ಹಗ್ಗ ಜಗ್ಗಿ ಅವನನ್ನು ಮೇಲೆಳೆದು ಓಣಿಯಲ್ಲಿ ಮಲಗಿಸಿದ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಮಹಾನಂದ ಚೊಂಬು ತಂದು ಅವನ ಮುಖಕ್ಕೆ ನೀರು ಹೊಯ್ದಳು. ಎತ್ತರದಿಂದ ಹೊಯ್ದಳು, ಚೊಂಬು ತಾಕಬಾರದೆಂದು. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿ ಅಷ್ಟೆತ್ತರಕ್ಕೆ ಹೋಗಿತ್ತು. ಮರಿಯಣ್ಣ ಉಸಿರೆಳೆದುಕೊಂಡು ಎದ್ದು ಕೂತ. ಅಂದಿನಿಂದ ಅನ್ನ ಬಸಿಯುವಾಗ, ಗಿಡಕ್ಕೆ ನೀರು ಹಾಕುವಾಗ, ಅವಳಿಗೆ ತನ್ನ ಕೈ ಎಲ್ಲಿದೆಯೆಂದು ನೋಡಿಕೊಳ್ಳುವ ಚಾಳಿ ಅಂಟಿತ್ತು.

ಶನಿವಾರ ಬೆಳಿಗ್ಗೆ ಮರಿಯಣ್ಣ ಬಂದ. ಮರುದಿನ ಹನ್ನೊಂದಕ್ಕೆ ತುಮಕೂರಿನಿಂದ ಗಂಡಿನ ಕಡೆಯವರು ಮಗಳು ಶಿವರಂಜಿನಿಯನ್ನು ನೋಡಲು ಬರುವವರಿದ್ದರು. ಬಚ್ಚಲ ನೀರು ಆಗಲೇ ನಡುಮನೆಯ ಹೊಸ್ತಿಲು ಮುಟ್ಟಿತ್ತು.

ಮರಿಯಣ್ಣ ಚಪ್ಪಡಿಯ ಸಂದಿಗೆ ಮೂಗಿಟ್ಟವನು ಸರಕ್ಕನೆ ಹಿಂದೆ ಸರಿದ.

"ಸ್ವಾಮೀ, ಈ ಸಲ ಒಂದೇ ಮುಚ್ಚಳ ತೆಗ್ದು ಇಳಿಯಾಕಿಲ್ಲ. ಆಚೆ ಮನೇದೂ ತೆಗುಸ್ಬೇಕು. ಮಧ್ಯಾಹ್ನದ ಗಂಟ ಎರಡೂ ಬಾಯಿ ತೆಕ್ಕೊಂಡಿರ್ಲಿ, ಒಳಗಿರೋ ಗ್ಯಾಸು ಹೋಗ್ಲಿ. ಆಮ್ಯಾಕೆ ಇಳೀತೀನಿ."

"ಇಷ್ಟು ವರ್ಷ ಇಲ್ದೇ ಇರೋ ಶಾಸ್ತ್ರ ಈಗ್ಯಾಕಯ್ಯಾ?"

"ಇಷ್ಟು ವರ್ಷ ಗಲ್ಲೀಲಿ ಅಲ್ಲೊಂದು ಇಲ್ಲೊಂದು ಮುಚ್ಚಳ ಬಯಲಿಗಿತ್ತು ಸ್ವಾಮಿ. ಈಗ ಎಲ್ಲಾರೂ ಅದರ ಮ್ಯಾಲೆ ಮನೆ ಮಾಡ್ಕಂಡವ್ರೆ. ನನ್ ಬಾಮೈದ ಹಿಂಗೇ ಒಂದು ಹಾಸ್ಟೆಲ್ ಗುಂಡಿಗೆ ಇಳಿದ. ಹೆಣ ತೆಗಿಯಾಕೆ ಇಳಿದೋನು ನಾನೇಯ."

ಆಚೆ ಮನೆ ಶೈಲಜಮ್ಮನದು. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿಯಾದ ಹೆಂಗಸು. ಅವಳ ಪಾಲಿನ ಚೇಂಬರ್ ಮೇಲೆ ಈಗ ಅಡುಗೆಮನೆ. ರೇವಣಸಿದ್ದಯ್ಯ ಅಂಗಿ ತೊಟ್ಟು ಹೊರಟ. ಎರಡು ಮನೆಗೂ ನಡುವೆ ಒಂದೇ ಗೋಡೆ. ಬರಿದಾದ ದೇವರ ಕೋಣೆಯಲ್ಲಿ ಸಾಂಬ್ರಾಣಿಗೆ ಕೆಂಡ ಹಾಕುತ್ತಿದ್ದ ಮಹಾನಂದಳಿಗೆ ಆ ಕಡೆಯ ಒಂದೊಂದು ಮಾತೂ ಕೇಳಿಸಿತು.

"ರೇವಣಸಿದ್ದಯ್ಯನೋರೇ, ಹೋದ ತಿಂಗಳು ತಾನೇ ಗ್ರಾನೈಟ್ ಹಾಕ್ಸಿದೀನಿ. ನಿಮ್ಮನೆ ಗಲೀಜಿಗೆ ನಾನು ನನ್ನ ಒಲೆ ಕಿತ್ತಿಡ್ಲಾ?"

"ನಮ್ಮನೇದಷ್ಟೇ ಏನಮ್ಮಾ, ನಿಮ್ದೂ ಅದ್ರಲ್ಲೇ ಹೋಗೋದು."

"ನಮ್ದು ಹೋಗ್ತಿದೆಯಲ್ಲ! ನಿಂತಿರೋದು ನಿಮ್ಮಲ್ಲಿ."

"ಕೆಲಸದೋನು ಹೇಳ್ತಿದಾನೆ, ಗಾಳಿ ಆಡ್ಬೇಕಂತೆ."

"ಹೋದ ವರ್ಷ ಆಡ್ತಿತ್ತಾ? ಇಳೀಲಿಲ್ವಾ ಅವನು? ಒಂದು ಐವತ್ತು ಜಾಸ್ತಿ ಕೊಡಿ, ಗಾಳಿ ತಾನಾಗೇ ಆಡತ್ತೆ."

ರೇವಣಸಿದ್ದಯ್ಯ ನಕ್ಕದ್ದೂ ಕೇಳಿಸಿತು. ಗಂಡ ನಗುವಾಗ ಕೊನೆಯಲ್ಲೊಂದು ಸಣ್ಣ ಕೆಮ್ಮು ಬರುತ್ತಿತ್ತು. ಅದೂ ಬಂತು.

ವಾಪಸು ಬಂದವನು ಓಣಿಯಲ್ಲೇ ನಿಂತು ಕೂಗಿದ. "ತೆಗ್ಸಿದೀನಿ ಕಣಯ್ಯಾ. ಇನ್ನೇನು, ಮಧ್ಯಾಹ್ನ ಇಳಿದ್ಬಿಡು."

ಮರಿಯಣ್ಣ ಅವನ ಮುಖ ನೋಡಲಿಲ್ಲ. ಕೋಣೆಯ ಬಾಗಿಲಲ್ಲಿ ಕೆಂಡದ ಬಟ್ಟಲು ಹಿಡಿದು ನಿಂತಿದ್ದ ಮಹಾನಂದಳನ್ನು ನೋಡಿದ.

"ಅಮ್ಮಾರೇ, ತೆಗ್ದವ್ರಾ?"

ಹೊಗೆ ಅವಳ ಕಣ್ಣಿಗೆ ಹೋಯಿತು. ಗಂಡ ಓಣಿಯಿಂದ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಒಳಗೆ ಮಗಳು ನಾಳೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಹ್ಞೂಂ ಎಂದರೆ ಆಯಿತು. ಒಂದು ಮೂಗುಸಿರಿನ ಮಾತು.

"ಇಲ್ಲ" ಎಂದಳು ಮಹಾನಂದ.

ಮರಿಯಣ್ಣ ಕಳಚಿಟ್ಟಿದ್ದ ಅಂಗಿಯನ್ನು ಕೊಡವಿ ತೊಟ್ಟ. ಬಿದಿರ ದಬ್ಬೆ, ಹಗ್ಗ, ಬಕೆಟ್ಟು ಎತ್ತಿಕೊಂಡ. "ನನ್ ಹೆಂಡ್ರು ಸಿದ್ದಮ್ಮ ತಮ್ಮನ್ನ ಕೊಟ್ಟಾಗದೆ ಸ್ವಾಮಿ. ಗಂಡನ್ನೂ ಯಾಕೆ ಕೊಡ್ಬೇಕು?" ಎಂದು ರೇವಣಸಿದ್ದಯ್ಯನನ್ನು ಬಳಸಿಕೊಂಡು ಹೊರಟುಹೋದ. ಮಹಾನಂದಳ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ. ಅವಳು ಕೊಟ್ಟದ್ದು ಅವನದೇ ಜೀವ.

"ಮಗಳ ಮದುವೆಗೆ ಹೆತ್ತ ತಾಯೇ ಕಲ್ಲು ಹಾಕಿದ್ಲು!" ರೇವಣಸಿದ್ದಯ್ಯನ ಚೆನ್ನಾದ ಕಂಠ ಒಡೆದಿತ್ತು.

"ರೀ, ಗಲ್ಲಿ ಬಿಟ್ಟುಕೊಡೋಣ. ಗೋಡೆ ಒಡೆದ್ರೆ ಚರಂಡಿ ಹೀರೋ ಮಷೀನ್ ಲಾರಿ ಬರತ್ತಂತೆ. ಮನುಷ್ಯ ಇಳಿಯೋದೇ ಬೇಡ."

"ಲಾರಿ ಕರೆದ್ರೆ ಮೊದ್ಲು ಕೇಳೋದೇ ಗಲ್ಲಿ ಎಲ್ರೀ ಅಂತ. ಸ್ವಾಮಿಗಳ ಪಾದ ಬಿದ್ದ ಜಾಗ ಒಡೀಬೇಕಾ? ನಾಳೆ ಬರೋರಿಗೆ ಏನು ತೋರಿಸ್ಲಿ, ಇಟ್ಟಿಗೆ ರಾಶಿನಾ? ಸ್ವಂತ ಮನೆ ಇದೆ ಅಂತ ಒಪ್ಪಿರೋ ಸಂಬಂಧ ಕಣೇ ಅದು!"

ಒಂದು ಸಲ ನಿಜ ಹೇಳಿದರೆ ಮುಗಿಯಿತೆಂದು ಮಹಾನಂದ ತಿಳಿದಿದ್ದಳು. ಕಂತಿನ ಸಾಲ ತೀರಿಸಿದ ಮನೆಯಾಕೆಗೆ ಹಾಗನ್ನಿಸುವುದು ಸಹಜ.

ಭಾನುವಾರ ಬೆಳಕು ಹರಿಯುವಾಗ ನೀರು ಅಡುಗೆಮನೆಯೊಳಗೆ ಬಂದಿತ್ತು. ಒಲೆಯ ಕಾಲಬಳಿ ಕಪ್ಪಗೆ, ಸದ್ದಿಲ್ಲದೆ ನಿಂತಿತ್ತು. ಉಪ್ಪಿಟ್ಟು ಕೇಸರಿಬಾತು ಹೋಟೆಲಿನಿಂದ ಬಂತು. ಶಿವರಂಜಿನಿ ಮೂಗಿಗೆ ಸೆರಗೊತ್ತಿಕೊಂಡೇ ತಲೆ ಬಾಚಿಕೊಂಡಳು. ರೇವಣಸಿದ್ದಯ್ಯ ಬೇಗನೆ ಎದ್ದು ಕಲಾಸಿಪಾಳ್ಯಕ್ಕೆ ಹೋದವನು ಒಬ್ಬ ಆಳನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ.

ನಡುವಯಸ್ಸಿನ ಮನುಷ್ಯ. ಮಾರುಕಟ್ಟೆಯಲ್ಲಿ ಕೋಸಿನ ಮೂಟೆ ಇಳಿಸುತ್ತಿದ್ದವನು. ಬೆಂಗಳೂರಿಗೆ ಬಂದು ಇನ್ನೂ ಒಂದು ಮಳೆಗಾಲ ಕಂಡವನಲ್ಲ. ಬಾಯಿಂದ ಸಾರಾಯಿ ನಾರುತ್ತಿತ್ತು. ಧೈರ್ಯಕ್ಕೆಂದು ರೇವಣಸಿದ್ದಯ್ಯನೇ ಕುಡಿಸಿದ್ದ. ಅವನ ಭುಜದ ಮೇಲೆ ಇನ್ನೂ ಕೋಸಿನ ಎಲೆಯ ಚೂರು ಅಂಟಿತ್ತು. ಆಚೆ ಮನೆಯ ಮುಚ್ಚಳದ ಬಗ್ಗೆ ಅವನು ಕೇಳಲಿಲ್ಲ. ಕೇಳಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನನ್ನೇ ಹುಡುಕಿ ತಂದಿದ್ದ ರೇವಣಸಿದ್ದಯ್ಯ.

"ಒಂದು ಆಳು ಉದ್ದ ಅಷ್ಟೇ ಕಣಪ್ಪಾ. ಬಾವಿಗಿಂತ ಕಮ್ಮಿ" ಎಂದು ಅವನ ಕೈಗೆ ಹಾರೆ ಕೊಟ್ಟ.

ಆಳು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದಾಗ ಮಹಾನಂದ ದೇವರ ಕೋಣೆಯೊಳಗೆ ಬಂದಳು. ಗಂಡಿನವರಿಗಾಗಿ ಉಟ್ಟ ರೇಷ್ಮೆ ಸೀರೆ, ಮುಡಿದ ಮಲ್ಲಿಗೆ. ನೆಟ್ಟಗೆ ಹೋಗಿ ಚಪ್ಪಡಿಯ ಮೇಲೆ ಕೂತಳು. ಕಬ್ಬಿಣದ ಬಳೆಯನ್ನು ಮಂಡಿಯ ಕೆಳಗೆ ಹಾಕಿಕೊಂಡು, ಪೂಜೆಗೆ ಕೂತವಳಂತೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏನೇ ಇದು? ಏಳೇ ಮೇಲೆ."

"ಆಚೆ ಮುಚ್ಚಳ ತೆಗ್ಸಿ. ಏಳ್ತೀನಿ."

"ಹುಚ್ಚು ಹಿಡೀತಾ? ಗಂಟೆ ನೋಡು ಎಷ್ಟಾಯ್ತು!"

"ಆಚೆ ಮುಚ್ಚಳ ತೆಗ್ಸಿ."

ರೇವಣಸಿದ್ದಯ್ಯ ಆಳಿನ ಕಡೆ ತಿರುಗಿದ. "ನೀನೇ ಹೇಳಯ್ಯಾ, ನಿನ್ನನ್ನ ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ ಬುದ್ಧಿ." ಅವನು ಹಾರೆ ನೆಲಕ್ಕೂರಿ ಮಹಾನಂದಳನ್ನು ಬೇಡಿಕೊಂಡ. "ಏಳಿ ಅಮ್ಮಾರೇ. ಮೂಟೆ ಬಿಟ್ಟು ಬಂದಿವ್ನಿ. ನನ್ ಕೂಲಿ ಯಾಕೆ ಹಾಳ್ಮಾಡ್ತೀರಿ?"

"ಇದರೊಳಗೆ ಇಳಿದೋರು ಸಾಯ್ತಾರಪ್ಪಾ."

"ಇಳೀದಿದ್ರೆ ಬದುಕ್ತಾರಾ?" ಎಂದ ಅವನು. ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳಿದ್ದ.

ಗಂಡನ ಬೈಗುಳ ಮಹಾನಂದಳನ್ನು ಅಲುಗಿಸಿರಲಿಲ್ಲ, ಇದು ಅಲುಗಿಸಿತು. "ನಿನ್ನ ಕೂಲಿ ನಾನು ಕೊಡ್ತೀನಿ" ಎಂದಳು. ಹೇಳಿದ ಕೂಡಲೇ ನಾಚಿಕೆಯಾಯಿತು. ಎಲ್ಲಿಂದ ಕೊಡುತ್ತಾಳೆ? ಮನೆಪತ್ರ ಗಂಡನ ಹೆಸರಿಗಿತ್ತು. ಬೀರುವಿನ ಬೀಗದಕೈ ಗಂಡನ ಉಡಿದಾರದಲ್ಲಿತ್ತು. ಮನೆ ನಮ್ದು ಎಂದು ಅವನು ಅಂದು ಹೇಳಿದ್ದನಲ್ಲ, ಅದರಲ್ಲಿ ಅವಳದೆಂದು ಈ ಹೊತ್ತಿಗೆ ಇದ್ದದ್ದು ಕೂತ ಈ ಕಲ್ಲಿನಷ್ಟೇ ಅಗಲ.

"ಅಮ್ಮಾ, ಏಳಮ್ಮಾ." ಶಿವರಂಜಿನಿ ಬಾಗಿಲಲ್ಲಿ ಅಳುತ್ತಿದ್ದಳು. ಕಾಡಿಗೆ ಇಳಿದಿತ್ತು. "ಅವ್ರು ಬಂದ್ಬಿಡ್ತಾರೆ. ನನ್ನ ಮುಖ ನೋಡಾದ್ರೂ ಏಳು."

"ನಿನ್ನ ಮುಖ ನೋಡೇ ಕೂತಿದೀನಿ ಕಂದಾ. ನಾಳೆ ನೀನೂ ಒಂದು ಮನೆಗೆ ಹೋಗ್ತೀಯ. ಅದರ ಕೆಳಗೆ ಏನಿದೆ ಅಂತ ಕೇಳೋದು ಕಲ್ತ್ಕೋ."

ಗೋಡೆಯಾಚೆ ಶೈಲಜಮ್ಮನ ಕುಕ್ಕರು ಕೂಗಿತು. ಹೊಸ ಗ್ರಾನೈಟಿನ ಮೇಲೆ ಪಾತ್ರೆ ಎಳೆದ ಸದ್ದು. ಆ ಮನೆಯಲ್ಲಿ ಭಾನುವಾರದ ಅಡುಗೆ ನಡೆದಿತ್ತು.

ಆಗ ಬೀದಿಯಲ್ಲಿ ಕಾರು ನಿಂತಿತು. ಒಂದಾದ ಮೇಲೊಂದು ಬಾಗಿಲು ಬಡಿದವು. ಹೆಂಗಸರ ಬಳೆ ಸದ್ದು, "ಇದೇ ಮನೆ ಇರ್ಬೇಕು, ಎಷ್ಟು ಚೆನ್ನಾಗಿದೆ ನೋಡಿ" ಎನ್ನುವ ಮಾತು.

ರೇವಣಸಿದ್ದಯ್ಯ ಹೆಂಡತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಇಷ್ಟು ವರ್ಷಗಳಲ್ಲಿ ಅವಳು ಕೇಳಿರದ ದನಿಯಲ್ಲಿ ಅಂದ. "ಮಹಾನಂದಾ, ಕೈ ಮುಗೀತೀನಿ. ಅವ್ರು ಹೋಗೋವರೆಗೆ ಹೊರಗೆ ಬಾ. ಆಮೇಲೆ ನೀನು ಹೇಳ್ದಂಗೆ."

"ಇವನನ್ನ ಆಚೆ ಕಳ್ಸಿ, ಈ ಕೋಣೆಗೆ ಬೀಗ ಹಾಕಿ, ಬೀಗದಕೈ ನನ್ನ ಕೈಗೆ ಕೊಡಿ."

ರೇವಣಸಿದ್ದಯ್ಯನ ಕೈ ಬೀಗದಕೈಗಳಿದ್ದ ಉಡಿದಾರದವರೆಗೆ ಹೋಗಿ ಅಲ್ಲೇ ನಿಂತಿತು.

"ಹಾಗಾದ್ರೆ ಅವರನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ" ಎಂದಳು ಮಹಾನಂದ.

"ಎಲ್ಲಿಗೆ?"

"ಇಲ್ಲಿಗೆ. ಮನೆ ಇದೆ ಅಂತ ಒಪ್ಪಿರೋರು ತಾನೇ. ಪೂರ್ತಿ ನೋಡ್ಲಿ."

ಮುಂಬಾಗಿಲ ಕರೆಗಂಟೆ ಮೊಳಗಿತು. ಯಾರೂ ಕದಲಲಿಲ್ಲ. ಮತ್ತೆ ಮೊಳಗಿತು. ಮಹಾನಂದಳ ತೊಡೆಯ ಕೆಳಗೆ ಕಲ್ಲು ಸಣ್ಣಗೆ ಮಿಡಿಯಿತು. ಅದರಡಿ ಏನೋ ಗುಟುಕರಿಸಿ ನುಂಗಿ, ಮತ್ತೆ ಬಾಯಿ ತೆರೆಯಿತು. ರೇಷ್ಮೆಯ ಅಂಚು ಒದ್ದೆಯಾಗತೊಡಗಿತ್ತು. ಹಾರೆ ಹಿಡಿದವನು ಗೋಡೆಗೊರಗಿ ನಿಂತೇ ಇದ್ದ, ಸೊಂಟದ ಹಗ್ಗ ಬಿಚ್ಚದೆ, ಅವಳು ಏಳುವುದನ್ನೇ ಕಾಯುತ್ತ.