ಹಬ್ಬದ ಎರಕ

ಸಣ್ಣದನ್ನು ಹಾಕಿದರೆ ಇಂಜಿನ್ ತಾಳಿಕೊಂಡೀತೇ, ಅಥವಾ ಅದೂ ಹೆಚ್ಚಾದೀತೇ? ಭರಮಣ್ಣನ ಮನಸ್ಸು ತೂಗುತ್ತಲೇ ಇತ್ತು. ಅವನ ಅಂಗೈ ನನ್ನ ಬಾನೆಟ್ಟಿನ ಮೇಲಿತ್ತು. ಎದುರಿನ ಬೆಂಚಿನ ಮೇಲೆ ಎರಡು ಟರ್ಬೊ ಕೂತಿದ್ದವು. ಒಂದು ತೆಂಗಿನಕಾಯಿಯಷ್ಟು; ಲಾರಿಯಿಂದ ಬಿಚ್ಚಿ ತಂದ ಇನ್ನೊಂದು ಕುಂಬಳಕಾಯಿಯಷ್ಟು.

ನಾನು ಒಂದು ಕಾರು. ಎರಡೇ ಸೀಟು, ನೆಲಕ್ಕೆ ತಾಗುವಷ್ಟು ತಗ್ಗು. ದೂರದ ಚಳಿಯ ಊರೊಂದರಲ್ಲಿ ಹುಟ್ಟಿದೆ. ನನ್ನ ಇಂಜಿನ್ ತನ್ನ ಉಸಿರನ್ನು ತಾನೇ ಎಳೆದುಕೊಳ್ಳುವಂಥದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅದಕ್ಕೆ ಗೊತ್ತಿರಲಿಲ್ಲ. ಹಡಗಿನಲ್ಲಿ ಮುಂಬಯಿಗೆ ಬಂದು ಒಬ್ಬ ಗಿರಣಿ ಮಾಲೀಕನ ಬಳಿ ಇದ್ದೆ. ಅವನು ನನ್ನನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಆಮೇಲೆ ಕೊಲ್ಹಾಪುರದ ಡಾಕ್ಟರೊಬ್ಬರ ಕೈಗೆ ಹೋದೆ. ಅಲ್ಲಿ ಎಣ್ಣೆ ಆರಿ ಪಿಸ್ಟನ್‌ಗಳು ಸುಟ್ಟವು. ಹೊಸವು ಎಲ್ಲಿಯೂ ಸಿಗಲಿಲ್ಲ. ಹಗ್ಗ ಕಟ್ಟಿ ನನ್ನನ್ನು ಬೆಳಗಾವಿಗೆ, ಜಿನ್ನಪ್ಪನವರ ಫೌಂಡ್ರಿಗೆ ಎಳೆದು ತಂದರು. ಬೇಸತ್ತ ಡಾಕ್ಟರು ನನ್ನನ್ನು ಅವರಿಗೇ ಮಾರಿಬಿಟ್ಟರು.

ಅವರದು ಪಿಸ್ಟನ್ ಎರೆಯುವ ಮನೆತನ. ಹಿರಿಯ ಮಗ ಭರಮಣ್ಣ ಕುಲುಮೆ ನೋಡುತ್ತಿದ್ದ. ಕಿರಿಯವನು ಧನ್ಯಕುಮಾರ, ನನ್ನನ್ನು ಮಾತಾಡಿಸುತ್ತ ಓಡಿಸುವವನು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಆಯುಧಪೂಜೆಯ ದಿನವಾದ ಖಂಡೆನವಮಿಯ ಬೆಳಿಗ್ಗೆ ಕುಲುಮೆ ಹೊತ್ತಿಸಿ ಒಂದೇ ಒಂದು ಸಲ ಎರಕ ಹೊಯ್ದು, ಪೂಜೆ ಮಾಡಿ, ಬೆಂಕಿ ಆರಿಸುತ್ತಿದ್ದರು. ಆ ಎರಕವನ್ನು ಮಾರುವಂತಿಲ್ಲ, ಮತ್ತೆ ಕರಗಿಸುವಂತಿಲ್ಲ. ಅದು ಮನೆಗೇ ಸಲ್ಲಬೇಕು. ಹಾಗಾಗಿ ನನ್ನ ಪಿಸ್ಟನ್‌ಗಳನ್ನು ಜಿನ್ನಪ್ಪನವರು ಹಬ್ಬದ ದಿನವೇ ಎರೆಸಿದರು. ಬೇರೆ ದಿನಗಳಲ್ಲಿ ಭರಮಣ್ಣ ಮೊದಲ ಎರಕವನ್ನು ವಾಪಸು ಕುಲುಮೆಗೆ ಎಸೆಯುತ್ತಿದ್ದ. ಅಚ್ಚು ಕಾದು ಬಿಸಿಯಾಗದೆ ಹೊಯ್ದರೆ ಲೋಹ ಸರಿಯಾಗಿ ಕೂಡಿಕೊಳ್ಳದು, ಒಳಗೆ ಬಿರುಕಿನಂಥ ಎಳೆ ಉಳಿಯುತ್ತದೆ. ಹಬ್ಬದ ದಿನ ಮೊದಲ ಎರಕವೇ ಕೊನೆಯದು.

ಮೆಲ್ಲನೆ ಓಡಿಸುವಷ್ಟು ಕಾಲ ಆ ಪಿಸ್ಟನ್‌ಗಳು ನಡೆದವು. ಆದರೆ ಧನ್ಯಕುಮಾರನಿಗೆ ಘಟ್ಟ ಏರುವ ಪಂದ್ಯದ ಹುಚ್ಚು ಹಿಡಿಯಿತು. ಪ್ರತಿಸಲವೂ ಹಿಂದೆ ಬಿದ್ದು ಬಂದು, ಕೊನೆಗೆ ಟರ್ಬೊ ಹಾಕಲೇಬೇಕೆಂದು ಹಟ ಹಿಡಿದ. ಅವನ ಕಣ್ಣು ದೊಡ್ಡದರ ಮೇಲಿತ್ತು.

ಭರಮಣ್ಣ ಸಣ್ಣದೇ ಸಾಕೆಂದು ವಾದಿಸಿದ. ದೊಡ್ಡದು ತಡವಾಗಿ ಎಚ್ಚರಾಗುತ್ತದೆ, ತಿರುವಿನಲ್ಲಿ ಕೈಗೆ ಸಿಗುವುದಿಲ್ಲ ಎಂದ. ಎಲ್ಲವೂ ನಿಜವೇ.

"ಅಷ್ಟ ಸಣ್ಣದಾದ್ರ ಅವ್ವನ ಊದುಗೊಳವೀನ ಹಾಕಿಬಿಡೋ ಅಣ್ಣಾ. ಚಾ ಆದ್ರೂ ಕುದೀತೈತಿ," ಎಂದು ಧನ್ಯಕುಮಾರ ನಗಾಡಿದ.

ಮೇಸ್ತ್ರಿ ಮೀರಾಸಾಬ ನನ್ನ ಕೆಳಗಿನಿಂದ ತಲೆ ಹೊರಹಾಕಿ ಕೇಳಿದ. "ಪಿಸ್ಟನ್ ತಾಳ್ತಾವೇನ್ರಿ ಸಾಹುಕಾರ?"

ಹೊರಸಿನ ಮೇಲಿದ್ದ ಜಿನ್ನಪ್ಪನವರೇ ಉತ್ತರ ಕೊಟ್ಟರು. "ಹಬ್ಬದ ಎರಕಾ ಅದು. ಅದಕ್ಕಿಂತ ಗಟ್ಟಿ ಎರಕಾ ಈ ಊರಾಗ ಯಾರದೈತೋ?"

ಎಲ್ಲರೂ ಭರಮಣ್ಣನ ಕಡೆ ನೋಡಿದರು. ಹೊಸ ಪಿಸ್ಟನ್‌ಗಳನ್ನು ಯಾವ ದಿನ ಬೇಕಾದರೂ ಎರೆಯಬಹುದಿತ್ತು. ಆದರೆ ಅಪ್ಪನ ಎದುರು ಕಾರಣ ಹೇಳಬೇಕಾಗುತ್ತಿತ್ತು. ಅವನು ಕೈ ಒರೆಸಿಕೊಂಡ.

"ಹೂಂ. ನಮ್ಮವ ಅದಾವ," ಎಂದ. "ಆದ್ರ ಸಣ್ಣದ ಹಾಕು."

ಧನ್ಯಕುಮಾರ ದೊಡ್ಡದನ್ನು ಪಕ್ಕಕ್ಕೆ ಸರಿಸಿದ. "ಅಣ್ಣ ಅಂದಮ್ಯಾಲ ಮುಗೀತು. ಲೋಹದ ಮಾತು ಅವಗ ಗೊತ್ತು."

ಪಂದ್ಯದ ದಿನ ಘಟ್ಟದಲ್ಲಿ ಟರ್ಬೊ ಸಿಳ್ಳೆ ಹಾಕಿತು. ನನಗೆ ಎಂದೂ ಇಲ್ಲದ ಬಲ ಬಂತು. ಧನ್ಯಕುಮಾರ ನನ್ನನ್ನು ಮಗಳೇ ಎಂದು ಕರೆದ. ತಿರುವಿನಲ್ಲಿ ಪಿಸ್ಟನ್ನೊಂದು ಕೂಡಿಕೊಳ್ಳದ ಎಳೆಯಲ್ಲೇ ಸೀಳಿತು. ಇಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರಗಳು ನಿಂತುಬಿಟ್ಟವು. ನಾನು ಬಂಡೆಗೆ ಬಡಿದೆ. ಅವನ ಕೈಗಳು ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಬಂದವರು ಒಂದೊಂದೇ ಬೆರಳು ಬಿಡಿಸಿದರು.

ಆ ದರಿದ್ರ ಗಾಳಿಚಕ್ರವೇ ಮಗನನ್ನು ತಿಂದಿತೆಂದು ಜಿನ್ನಪ್ಪನವರು ಟರ್ಬೊವನ್ನು ಹಳ್ಳಕ್ಕೆ ಎಸೆಸಿದರು. ಬೇಡವೆಂದರೂ ಕೇಳಲಿಲ್ಲ ಎಂದು ಬಂದುಹೋದವರು ಸತ್ತವನನ್ನೇ ದೂರಿದರು. ಭರಮಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಇಂಜಿನ್ ಬಿಚ್ಚಲು ಮಾತ್ರ ಯಾರಿಗೂ ಬಿಡಲಿಲ್ಲ.

ಈಗ ನಾನು ಫೌಂಡ್ರಿಯ ಹಿಂದೆ, ಸುಟ್ಟ ಮರಳಿನ ರಾಶಿಯ ಪಕ್ಕ ತುಕ್ಕು ಹಿಡಿಯುತ್ತಿದ್ದೇನೆ. ಜಿನ್ನಪ್ಪನವರೂ ಹೋದರು. ಖಂಡೆನವಮಿಗೆ ಈಗಲೂ ಒಂದೇ ಎರಕ ಹೊಯ್ಯುತ್ತಾರೆ. ಲೋಹಕ್ಕೆ ಹಬ್ಬ ಗೊತ್ತಿಲ್ಲ. ಅಚ್ಚು ಕಾಯದಿದ್ದರೆ ಅದು ಕೂಡಿಕೊಳ್ಳುವುದಿಲ್ಲ, ಅಷ್ಟೇ. ಕೆಲವು ಸಂಜೆ ಭರಮಣ್ಣ ಬಂದು ನನ್ನ ಹರಿದ ಸೀಟಿನಲ್ಲಿ ಕೂರುತ್ತಾನೆ.

ಹಬ್ಬದ ಎರಕ ಹಸಿಯಾಗಿದೆ, ಪಿಸ್ಟನ್ ಬದಲಿಸೋಣ ಎಂದು ಅವನು ತಮ್ಮನಿಗೆ ಹೇಳಲಿಲ್ಲ.