ಇನ್ವರ್ಟರ್ ಕೂಗದ ದಿನಗಳು

ಕರೆಂಟ್ ಹೋದರೆ ಬೇರೆಯವರ ಮನೆಯಲ್ಲಿ ಟೀವಿ ನಿಲ್ಲುತ್ತದೆ. ನನಗೆ ಎದೆ ಧಸಕ್ಕೆನ್ನುತ್ತದೆ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಸುರಂಗದಲ್ಲಿ ನನ್ನ ಗಂಡ ಸೆಲ್ವರಾಜ್ ಕುಡಿದ ಧೂಳು ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅವರ ಎದೆಯಿಂದ ಇಳಿದಿಲ್ಲ. ಈಗ ಹಗಲಿಡೀ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಆಕ್ಸಿಜನ್ ಮಿಷಿನ್ ಪಕ್ಕದಲ್ಲೇ ಕೂರಬೇಕು. ಕರೆಂಟ್ ಇಲ್ಲದಾಗ ಆ ಮಿಷಿನ್ ಓಡುವುದು ಇನ್ವರ್ಟರ್‌ನ ಎರಡು ಬ್ಯಾಟರಿಗಳ ಮೇಲೆ.

ಆ ಬ್ಯಾಟರಿಗಳನ್ನು ನಾನು ನಂಬಿದ್ದಕ್ಕಿಂತ ಬೈದದ್ದೇ ಹೆಚ್ಚು. ಯಾವ ಪುಣ್ಯಾತ್ಮನೋ ಅವನ್ನು ಅಡುಗೆಮನೆಯ ಸಂದಿಯಲ್ಲಿ, ಅಕ್ಕಿ ಡ್ರಮ್ಮಿನ ಹಿಂದೆ ತುರುಕಿ ಹೋಗಿದ್ದ. ನೀರು ಹಾಕಬೇಕೆಂದರೆ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೆಲದ ಮೇಲೆ ಮಲಗಬೇಕು. ಹೋದ ವರ್ಷ ಒಂದು ಕೆಟ್ಟಾಗ ಅಂಗಡಿಯವನು ಅದೊಂದನ್ನೇ ಬದಲಾಯಿಸಿದ್ದ. ಉಳಿದ ಹಳೆಯದು ಹಾಕಿದಷ್ಟೂ ನೀರು ಕುಡಿಯುತ್ತಿತ್ತು, ಹೊಸದಕ್ಕೆ ಬಾಯಾರಿಕೆಯೇ ಇಲ್ಲ. ಅದನ್ನು ಕಂಡಾಗಲೆಲ್ಲ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು.

ಬೆಳಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೊಲಿಗೆ ಕೆಲಸಕ್ಕೆ ಹೋದರೂ ಮನಸ್ಸು ಮನೆಯಲ್ಲೇ. ಈ ನಡುವೆ ಕರೆಂಟ್ ಹೋಗುವುದೂ ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲೇ. ಬ್ಯಾಟರಿ ಖಾಲಿಯಾಗುತ್ತಾ ಬಂದರೆ ಇನ್ವರ್ಟರ್ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಕೂಗಿದರೆ ತಕ್ಷಣ ಫೋನ್ ಮಾಡಿ ಎಂದು ಪಕ್ಕದ ಮನೆ ಅಮ್ಮಾಜಮ್ಮನಿಗೆ ಹೇಳಿಟ್ಟಿದ್ದೆ. ಹೊಲಿಯುತ್ತಾ ಹೊಲಿಯುತ್ತಾ ಫೋನ್ ನೋಡುವುದು, ಮೇಸ್ತ್ರಿಯ ಕೈಲಿ ಬೈಸಿಕೊಳ್ಳುವುದು ದಿನದ ಪಾಡು. ಫೋನ್ ಮಾತ್ರ ಒಂದು ದಿನವೂ ಬರಲಿಲ್ಲ. ಸಂಜೆ ಕೇಳಿದರೆ ಸೆಲ್ವರಾಜ್ ಅವರದು ಒಂದೇ ಮಾತು.

"ಮಧ್ಯಾಹ್ನ ಎಲ್ಲಾ ಕರೆಂಟ್ ಇರ್ಲಿಲ್ಲ. ಬ್ಯಾಟರಿ ಚೆನ್ನಾಗಿ ಬಂತು ಕಲಾ."

ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಭಾನುವಾರ ಬ್ಯಾಟರಿ ರಿಪೇರಿಯ ಮುನೀಂದ್ರನನ್ನು ಕರೆಸಿದೆ. ಬೂದಿಕೋಟೆಯವನು, ಮಾತು ಜಾಸ್ತಿ. ಎರಡೂ ಬ್ಯಾಟರಿಗಳನ್ನು ಹೊರಗೆಳೆದು ಒಂದೊಂದಕ್ಕೂ ಮೀಟರ್ ಹಿಡಿದು ನೋಡಿದ.

"ಇದೇನಕ್ಕಾ, ಒಸ ಎತ್ಗೆ ಮುದಿ ಎತ್ತು ಜೋಡಿ ಕಟ್ಟವ್ರೆ. ಹಳೇದು ಬೇಗ ತುಂಬಿ, ಕುದ್ದು ನೀರು ಕಳ್ಕೊಂಡೈತೆ. ಒಸದು ಅರೆಹೊಟ್ಟೇಲೇ ಉಳ್ಕೊಂಡೈತೆ."

"ಓಡುತ್ತೆ ತಾನೆ?"

"ಬಲ್ಬು ಉರೀತದೆ. ಆ ಮಿಷಿನ್ ಆಕುದ್ರೆ ಐದು ನಿಮಿಷಕ್ಕೇ ಕೂಗ್ಬಿಡ್ತದೆ."

"ಮೊನ್ನೆ ಮಧ್ಯಾಹ್ನವೆಲ್ಲ ಓಡಿದೆಯಲ್ಲಪ್ಪಾ."

"ಆಗಲ್ಲಕ್ಕಾ. ಇದು ಕೆಟ್ಟು ಬೋ ದಿನ ಆಗೈತೆ."

ನಾನು ಸೆಲ್ವರಾಜ್ ಕಡೆ ತಿರುಗಿದೆ. ಅವರು ನಳಿಗೆಯನ್ನು ಸರಿಪಡಿಸಿಕೊಳ್ಳುತ್ತಾ ಕೂತಿದ್ದರು.

"ಕರೆಂಟ್ ಹೋದ್ರೆ ಮಿಷಿನ್ ಆಫ್ ಮಾಡ್ತಿದ್ದೆ" ಎಂದರು.

"ಯಾಕೆ?"

"ಓಡಿಸಿದ್ರೆ ಅದು ಕೂಗ್ತದೆ. ಅಮ್ಮಾಜಮ್ಮ ಫೋನ್ ಮಾಡ್ತಾರೆ. ನೀನು ಓಡಿ ಬರ್ತೀಯ. ಎರಡು ಸಲ ಹಂಗಾದ್ರೆ ಕೆಲಸ ಬಿಟ್ಟು ಇಲ್ಲೇ ಕೂತ್ಬಿಡ್ತೀಯ."

"ಉಸಿರು?"

"ಕಿಟಕಿ ಹತ್ರ ಕೂತ್ಕೊಳ್ತಿದ್ದೆ. ಮೆಲ್ಲಗೆ ಎಳೆದ್ರೆ ಒಂಚೂರು ಸಿಗ್ತದೆ."

ಬಾಯಿಗೆ ಬಂದಂತೆ ಬೈದೆ. ಮುನೀಂದ್ರ ವೈರ್ ತರುವ ನೆಪದಲ್ಲಿ ಹೊರಗೆ ಹೋದ. ನಾನು ಅಲ್ಲಿ ಸೂಜಿಗೆ ದಾರ ಪೋಣಿಸುತ್ತಾ, ಸದ್ಯ ಫೋನ್ ಬರಲಿಲ್ಲ ಎಂದು ನೆಮ್ಮದಿಪಟ್ಟುಕೊಂಡ ಹೊತ್ತಿನಲ್ಲೆಲ್ಲ ಇವರಿಲ್ಲಿ ಕಿಟಕಿಯ ಸರಳು ಹಿಡಿದು ಉಸಿರೆಳೆಯುತ್ತಿದ್ದರು. ಬೈಯುತ್ತಾ ಬೈಯುತ್ತಾ ಅಳು ಬಂತು.

ಮಧ್ಯಾಹ್ನ ಮುನೀಂದ್ರ ಒಂದೇ ತರದ ಎರಡು ಹೊಸ ಬ್ಯಾಟರಿ ತಂದ. ಹಿತ್ತಲ ಬಾಗಿಲ ಬಳಿ, ಗಾಳಿಯಾಡುವ ಕಡೆ, ಸೊಂಟದೆತ್ತರದ ಸ್ಟ್ಯಾಂಡಿನಲ್ಲಿಟ್ಟ. ಎರಡರ ನಡುವೆ ಬ್ಯಾಲೆನ್ಸರ್ ಎಂಬ ಸಣ್ಣ ಡಬ್ಬಿ ಕೂರಿಸಿದ.

"ಇನ್ಮೇಲೆ ಎಲ್ಡಕ್ಕೂ ಚಾರ್ಜ್ ಸಮ ಇರ್ತದೆ. ನೀರು ನಿಂತ್ಕಂಡೇ ಆಕ್ಬೋದು. ಒಂದು ಕಿತ ನೋಡೋಣ, ಇರಿ" ಎಂದು ಮೇನ್ ಸ್ವಿಚ್ ಇಳಿಸಿದ.

ಫ್ಯಾನ್ ಒಂದು ಕ್ಷಣ ತಡವರಿಸಿ ಮತ್ತೆ ತಿರುಗಿತು. ಮಿಷಿನ್ ಓಡುತ್ತಲೇ ಇತ್ತು, ಇನ್ವರ್ಟರ್ ತೆಪ್ಪಗಿತ್ತು. ಆದರೂ ಸೆಲ್ವರಾಜ್ ಅವರ ಕೈ ತಾನಾಗಿಯೇ ಮಿಷಿನ್‌ನ ಸ್ವಿಚ್ ಹತ್ತಿರ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಮುನೀಂದ್ರ ಮೇನ್ ಮತ್ತೆ ಏರಿಸುವವರೆಗೂ ಬಿಡಲಿಲ್ಲ.